ಸಂವರಣ ಅಂದ್ರೆ ಎಂತ ಗೊತ್ತುಂಟಾ?

ಮೊನ್ನೆ ನಮ್ಮ ಊರಲ್ಲಿ, ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವ ದಾರಿಯಲ್ಲಿ ಎಲ್ಲೋ ಅಂತ ಇಟ್ಕೊಳ್ಳಿ, ಒಂದು ಪಕ್ಷದ ಮಹಿಳಾ ಘಟಕದ ಸಮ್ಮೇಳನ ಇತ್ತು. ವಿಷಯ, ರಾಜಕೀಯದಲ್ಲಿ ಮಹಿಳೆಯರು ಮತ್ತು ನಮ್ಮ ಸಂಘಟನೆ ನಡೆದು ಬಂದ ದಾರಿ. ಸ್ಟೇಜಲ್ಲಿ ಹನ್ನೊಂದು ಕುರ್ಚಿ, ಒಂಬತ್ತರಲ್ಲಿ ಗಂಡಸರು, ಒಂದರಲ್ಲಿ ಅಧ್ಯಕ್ಷೆ, ಇನ್ನೊಂದರಲ್ಲಿ ಶಾಲು ಮತ್ತು ಮೊಮೆಂಟೋ. ದಾರಿ ನಡೆದವರು ಎಲ್ಲಿದ್ರು ಅಂತ ಕೇಳ್ಬೇಡಿ, ಸಭಾಂಗಣದ ಹಿಂದೆ ಮುನ್ನೂರು ಜನಕ್ಕೆ ಚಾ ಕಾಯಿಸ್ತಾ ಇದ್ರು, ನಾನೂ ಇದ್ದೆ, ಕುಟುಂಬಶ್ರೀಯವರು (ಕೇರಳ ಸರ್ಕಾರದ ಹೆಂಗಸರ ಸ್ವಸಹಾಯ ಸಂಘದವರು) ಅಂದ ಮೇಲೆ ಗೋಳಿಬಜೆ ಹಿಟ್ಟು ಕಲಸ್ಲಿಕ್ಕೆ ಬೇರೆ ಯಾರು ಬರ್ತಾರೆ.

ಬ್ಯಾನರ್ ಮೇಲೆ ಮಲೆಯಾಳ, ಕೆಳಗೆ ಕನ್ನಡ. ನಮ್ಮಲ್ಲಿ ಕನ್ನಡ ಅಂದ್ರೆ ಗೊತ್ತುಂಟಲ್ಲ, ಮಲೆಯಾಳವನ್ನೇ ಕನ್ನಡ ಲಿಪಿಯಲ್ಲಿ ಬರೆಯೋದು. "ವನಿತಾ ಸಂವರಣ ವಿಚಾರಗೋಷ್ಠಿ" ಅಂತ ಇತ್ತು. ಮೀಸಲಾತಿಗೆ ಮಲೆಯಾಳದಲ್ಲಿ ಸಂವರಣಂ ಅಂತಾರೆ, ಸರಿ. ಆದ್ರೆ ಸಂಸ್ಕೃತ ಓದಿದ ನಮ್ಮ ಹಳೇ ಮೇಷ್ಟ್ರೊಬ್ರು ಅದನ್ನು ನೋಡಿ ನಗ್ಲಿಕ್ಕೆ ಶುರು ಮಾಡಿದ್ರು. ಸಂವರಣ ಅಂದ್ರೆ ಮುಚ್ಚೋದು, ಅಡಗಿಸೋದು ಅಂತ ಅರ್ಥ ಮಾರಾಯ್ತಿ, ಇಷ್ಟು ಸತ್ಯವಾದ ಬ್ಯಾನರ್ ನಾನು ಈ ಜಿಲ್ಲೆಯಲ್ಲೇ ನೋಡ್ಲಿಲ್ಲ ಅಂದ್ರು.

ಭಾಷಣ ಮಾಡಿದ ಲೀಡರ್, ಹೆಂಗಸರನ್ನು ರಾಜಕೀಯಕ್ಕೆ ತಂದದ್ದೇ ನಾವು ಅಂತ ಶುರು ಮಾಡಿದ್ರು. ಇತಿಹಾಸ ಅಂದದ್ದಕ್ಕೆ ನಾನು ಸೌಟು ಕೆಳಗಿಟ್ಟು ಬಾಗಿಲ ಹತ್ರ ಬಂದು ನಿಂತೆ. 1917ರಲ್ಲಿ ಮದ್ರಾಸಿನ ಅಡ್ಯಾರಿನಲ್ಲಿ ಮಾರ್ಗರೆಟ್ ಕಸಿನ್ಸ್, ಡೊರೊಥಿ ಜಿನರಾಜದಾಸ, ಆನಿ ಬೆಸೆಂಟ್ ಎಲ್ಲ ಸೇರಿ ವುಮೆನ್ಸ್ ಇಂಡಿಯನ್ ಅಸೋಸಿಯೇಷನ್ ಕಟ್ಟಿದ್ದು, ಅದೇ ವರ್ಷ ಸರೋಜಿನಿ ನಾಯ್ಡು ಮುಂದಾಳತ್ವದಲ್ಲಿ ಹೆಂಗಸರು ಬ್ರಿಟಿಷ್ ಸರ್ಕಾರದ ಇಂಡಿಯಾ ಮಂತ್ರಿ ಮಾಂಟೆಗೂ ಸಾಹೇಬ್ರ ಎದುರು ಹೋಗಿ ನಮಗೂ ಓಟು ಬೇಕು ಅಂತ ಕೇಳಿದ್ದು, 1921ರಲ್ಲಿ ಮದ್ರಾಸ್ ಕೌನ್ಸಿಲ್, ಅಂದ್ರೆ ಆಗಿನ ಶಾಸನಸಭೆ, ಹೆಂಗಸರಿಗೆ ಓಟು ಕೊಟ್ಟದ್ದು (ಎಲ್ಲರಿಗೆ ಅಲ್ಲ, ಆಸ್ತಿಪಾಸ್ತಿ ಇದ್ದವರಿಗೆ ಮಾತ್ರ, ಅಲ್ಲೂ ಒಂದು ಶರತ್ತು), ಇದು ಒಂದೂ ಬರ್ಲಿಲ್ಲ. ಕಾಸರಗೋಡು ಆಗ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು, ಜಿಲ್ಲೆ ಮದ್ರಾಸಿಗೆ ಸೇರಿದ್ದು, ಅಂದ ಮೇಲೆ ಇದು ಯಾರದ್ದೋ ಊರಿನ ಕತೆ ಅಲ್ಲ, ನಮ್ಮದೇ.

ಇನ್ನೂ ಹತ್ತಿರದ್ದು ಹೇಳ್ತೇನೆ. 1926ರಲ್ಲಿ ಕೌನ್ಸಿಲ್ ಇಲೆಕ್ಷನಿಗೆ ಹೆಂಗಸರೂ ನಿಲ್ಬಹುದು ಅಂತಾದಾಗ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ, ಆಗ 23 ವರ್ಷ, ನಿಂತೇ ಬಿಟ್ರು, ಹಿಂದೆ ನಿಂತು ನೂಕಿದ್ದು ಅದೇ ಮಾರ್ಗರೆಟಮ್ಮ. ಸೋತದ್ದು ಕೆಲವೇ ಓಟಿಗೆ. 2016ರ ವಿಧಾನಸಭೆ ಇಲೆಕ್ಷನಲ್ಲಿ ಮಂಜೇಶ್ವರದಲ್ಲಿ ಬರೀ 89 ಓಟಿನ ಅಂತರದ ರಿಸಲ್ಟ್ ನೋಡಿದ ನಮಗೆ ಆ ಸಂಕಟ ಬಿಡಿಸಿ ಹೇಳ್ಬೇಕಾ? ಮರುವರ್ಷ ಮದ್ರಾಸಿನ ಡಾಕ್ಟ್ರು ಮುತ್ತುಲಕ್ಷ್ಮಿ ರೆಡ್ಡಿ ಅದೇ ಕೌನ್ಸಿಲಿಗೆ ನಾಮಿನೇಟ್ ಆಗಿ ಉಪಾಧ್ಯಕ್ಷೆಯೂ ಆದ್ರು.

ಈಗ ಅಲ್ಲಿಂದ ಈಚೆ ಬನ್ನಿ. ಮಂಜೇಶ್ವರಕ್ಕೆ 1957ರಿಂದ 2021ರವರೆಗೆ ಎಷ್ಟು ಇಲೆಕ್ಷನ್ ಆಯ್ತೋ ಗೆದ್ದವರೆಲ್ಲ ಗಂಡಸರು. ಕಾಸರಗೋಡು ಲೋಕಸಭೆಗೂ 1957ರಿಂದ 2024ರವರೆಗೆ ಹಾಗೇ, 2009ರಲ್ಲಿ ಮತ್ತೆ 2024ರಲ್ಲಿ ದೊಡ್ಡ ಪಕ್ಷದವರು ಹೆಂಗಸರನ್ನು ನಿಲ್ಲಿಸಿದ್ರು, ಸೋತ್ರು. 2021ರಲ್ಲಿ ಇಡೀ ಕೇರಳದ 140 ಸೀಟಲ್ಲಿ ಗೆದ್ದ ಹೆಂಗಸರು 11. ಅದೇ ವರ್ಷ ಕೇರಳ ಮಹಿಳಾ ಕಾಂಗ್ರೆಸ್ಸಿನ ಅಧ್ಯಕ್ಷೆ ಲತಿಕಾ ಸುಭಾಷ್ ಟಿಕೆಟ್ ಸಿಗದೆ ತಿರುವನಂತಪುರದಲ್ಲಿ ಪಕ್ಷದ ಆಫೀಸ್ ಎದುರೇ ಕೂತು ತಲೆ ಬೋಳಿಸಿದ್ರಲ್ಲ. ಹೆಂಗಸರಿಗೆ ಟಿಕೆಟ್ ಕೊಡಿಸ್ಲಿಕ್ಕೆ ಅಂತ ಇರುವ ಸಂಘಟನೆಯ ಅಧ್ಯಕ್ಷೆಗೇ ಟಿಕೆಟ್ ಇಲ್ಲ ಅಂದ್ರೆ ಅಂಗಡಿ ಇಟ್ಟವನಿಗೇ ಅಕ್ಕಿ ಇಲ್ಲ ಅಂದ ಹಾಗೆ. ಬೇರೆ ಪಕ್ಷದವರು ನಗ್ಲಿಕ್ಕಿಲ್ಲ, ನಿಮ್ಮಲ್ಲಿ ತಲೆ ಬೋಳಿಸಿದವರಿಲ್ಲ ಅಷ್ಟೇ.

ಇನ್ನು ದೆಹಲಿಯದ್ದು. ಮಹಿಳಾ ಮೀಸಲಾತಿ ಬಿಲ್ ಮೊದಲು ಬಂದದ್ದು 1996ರಲ್ಲಿ, ನಮ್ಮ ದೇವೇಗೌಡ್ರು ಪ್ರಧಾನಿ ಆಗಿದ್ದಾಗ. ಪಾಸಾದದ್ದು 2023ರಲ್ಲಿ, ಅದೂ ಎಂತ, ಜನಗಣತಿ ಆಗ್ಬೇಕು, ಆಮೇಲೆ ಕ್ಷೇತ್ರ ವಿಂಗಡಣೆ ಆಗ್ಬೇಕು, ಆಮೇಲೆ ಜಾರಿ ಅಂತ. ಬಾಳೆಲೆ ಹಾಕಿ ಕೂರಿಸಿ ಆಯ್ತು, ಅಕ್ಕಿ ಇನ್ನೂ ಗದ್ದೆಯಲ್ಲಿ ಹಸಿರಾಗಿ ಉಂಟು.

ಆದ್ರೆ ಪಂಚಾಯತಲ್ಲಿ ಉಂಟಲ್ಲ ಅಂತ ಲೀಡರ್ ಹೇಳಿದ್ರು. ಉಂಟು. ಕೇರಳದಲ್ಲಿ 1995ರ ಇಲೆಕ್ಷನಲ್ಲಿ ಮೂರರಲ್ಲಿ ಒಂದು, 2010ರಿಂದ ಅರ್ಧಕ್ಕರ್ಧ. ಚೀಟಿ ಎತ್ತಿ ವಾರ್ಡ್ ನಿಶ್ಚಯ ಮಾಡ್ತಾರೆ, ನಾವು ಕನ್ನಡದವರೂ ನರುಕ್ಕೆಡುಪ್ಪು ಅಂತಲೇ ಹೇಳೋದು. ಒಂದು ಸಲ ಹೆಂಗಸರ ವಾರ್ಡ್ ಆದ್ರೆ ಮುಂದಿನ ಸಲ ಹೆಚ್ಚಾಗಿ ಜನರಲ್. ಜನರಲ್ ಅಂದ್ರೆ ಯಾರೂ ನಿಲ್ಬಹುದು ಅಂತ ಕಾನೂನು, ಗಂಡಸರು ಮಾತ್ರ ಅಂತ ನಮ್ಮ ಪಕ್ಷಗಳ ಓದು.

ನಮ್ಮನೆಯದ್ದೇ ನೋಡಿ. 2015ರಲ್ಲಿ ವಾರ್ಡ್ ಹೆಂಗಸರಿಗೆ ಬಂತು, ಅತ್ತಿಗೆಯನ್ನು ನಿಲ್ಲಿಸಿದ್ರು. ಪೋಸ್ಟರಲ್ಲಿ ಅತ್ತಿಗೆ ಫೋಟೋದಷ್ಟೇ ದೊಡ್ಡ ಅಣ್ಣನ ಫೋಟೋ, ಕೆಳಗೆ ಅಣ್ಣನ ಮೊಬೈಲ್ ನಂಬರ್. ಗೆದ್ರು. ಮೊದಲ ಆರು ತಿಂಗಳು ಜನ ಅಣ್ಣನನ್ನೇ ಮೆಂಬರ್ರೇ ಅಂತ ಕರೀತಿದ್ರು, ಅವನೂ ಓ ಅಂತಿದ್ದ, ಆಮೇಲೆ ಅತ್ತಿಗೆ ಕುಟುಂಬಶ್ರೀಯಲ್ಲಿ ಸಾಲದ ಲೆಕ್ಕ ಬರೆದು ಬರೆದು ಪಳಗಿದವರಲ್ವಾ, ಫೈಲ್ ಹಿಡ್ಕೊಂಡು ಬ್ಲಾಕಾಫೀಸಿಗೆ ಒಬ್ರೇ ಹೋಗ್ಲಿಕ್ಕೆ ಶುರು ಮಾಡಿದ್ರು, ಮಲೆಯಾಳದಲ್ಲಿ ಬಂದ ಸರ್ಕ್ಯುಲರನ್ನು ಮಗಳ ಹತ್ರ ಓದಿಸಿ ಅರ್ಥ ಮಾಡ್ಕೊಂಡ್ರು, ಎರಡು ಕಡೆ ರೋಡ್ ಆಯ್ತು, ಗ್ರಾಮಸಭೆಯಲ್ಲಿ ಕನ್ನಡದಲ್ಲೇ ಜಗಳ ಮಾಡಿ ಬೀದಿ ಲೈಟ್ ಹಾಕಿಸಿದ್ರು. 2020ಕ್ಕೆ ವಾರ್ಡ್ ಜನರಲ್. ಪಕ್ಷದವರು ಮನೆಗೆ ಬಂದು ಅಕ್ಕಾ ನೀವು ಇನ್ನು ರೆಸ್ಟ್ ತಗೊಳ್ಳಿ ಅಂದ್ರು. ಟಿಕೆಟ್ ಅಣ್ಣನಿಗೆ. ಪೋಸ್ಟರಲ್ಲಿ "ಅನುಭವಿ ಅಭ್ಯರ್ಥಿ" ಅಂತ ಹಾಕಿದ್ರು. ಐದು ವರ್ಷದಲ್ಲಿ ಅಣ್ಣ ಪಂಚಾಯತಾಫೀಸಿನಲ್ಲಿ ಪಡೆದ ಅನುಭವ ಅಂದ್ರೆ ಅತ್ತಿಗೆಯನ್ನು ಬೈಕಲ್ಲಿ ಬಿಟ್ಟು ಎದುರಿನ ಹೋಟೆಲಲ್ಲಿ ಚಾ ಕುಡಿದದ್ದು. ಗೆದ್ದ. ಲೈಟ್ ಕೆಟ್ರೆ ಜನ ಫೋನ್ ಮಾಡ್ತಿದ್ದದ್ದು ಅವನಿಗೆ, ಅವನು ಹೇಳ್ತಿದ್ದದ್ದು ತಡೀರಿ ಅವಳ ಹತ್ರ ಕೊಡ್ತೇನೆ ಅಂತ.

ಮೊನ್ನೆಯ ಸಮ್ಮೇಳನದಲ್ಲಿ ಅತ್ತಿಗೆಗೂ ಒಂದು ಶಾಲು ಹಾಕಿದ್ರು, ಮಾಜಿ ಮೆಂಬರ್ ಅಂತ ಅಲ್ಲ, ಮೆಂಬರಾಗಿದ್ದವರ ಮನೆಯವರು ಅಂತ. ನಾನು ಹಿಟ್ಟಿನ ಕೈಯಲ್ಲೇ ಬೊಬ್ಬೆ ಹಾಕ್ಬೇಕು ಅಂತಿದ್ದೆ, ಅತ್ತಿಗೆ ಕಣ್ಸನ್ನೆ ಮಾಡಿದ್ರು. ನಮಸ್ಕಾರ ಮಾಡಿ ಇಳಿದು ಬಂದು ಆ ಶಾಲಲ್ಲೇ ಚಾದ ಪಾತ್ರೆ ಹಿಡಿದು ಇಳಿಸಿದ್ರು, ಬಿಸಿ ಇತ್ತು.

ಆಮೇಲೆ ನನ್ನನ್ನು ಕರ್ಕೊಂಡು ಪೇಟೆಯ ಡಿಟಿಪಿ ಅಂಗಡಿಗೆ ಹೋದ್ರು. ಹೆಂಗಸರ ವಾರ್ಡ್ ಬಂದಾಗ ಪಕ್ಷದವರು ಮಾಡಿಸಿದ್ದ ಅತ್ತಿಗೆಯ ಹಳೇ ವಿಸಿಟಿಂಗ್ ಕಾರ್ಡಿನ ಫೈಲ್ ಅಲ್ಲಿ ಇತ್ತು. ಅತ್ತಿಗೆ ಕನ್ನಡಕ ಹಾಕಿ ನೋಡಿ, ಇದರಲ್ಲಿ ಫೋನ್ ನಂಬರ್ ಮಾತ್ರ ಬದಲ್ಸು, ನನ್ನದು ಹಾಕು, ನೂರು ಕಾರ್ಡ್ ತೆಗಿ ಅಂದ್ರು. ಹುಡುಗ ಟೈಪ್ ಮಾಡ್ಲಿಕ್ಕೆ ಕೂತವ ಕೈ ನಿಲ್ಲಿಸಿ ಕೇಳಿದ, ಅಣ್ಣನ ಹತ್ರ ಒಂದು ಮಾತು ಕೇಳ್ಬೇಡ್ವಾ ಅಕ್ಕಾ?