ಪೋಲಿಷ್ ಬಲ್ಲವರಿಗೆ ಕಠಿಣ ಇಂಗ್ಲಿಷ್ ಸಲೀಸೇ?

ಲ್ಯಾಟಿನ್ ಮೂಲದ ಪದಗಳು ಎರಡೂ ಭಾಷೆಗಳಲ್ಲಿರುವುದರಿಂದ ಪೋಲಿಷ್ ಮಾತನಾಡುವವರಿಗೆ ಉನ್ನತ ಮಟ್ಟದ ಇಂಗ್ಲಿಷ್ ಪದಗಳು ತಾವಾಗಿಯೇ ಒಲಿಯುತ್ತವೆ ಎಂಬ ಮಾತು ಹರಿದಾಡುತ್ತಿದೆ. ಇದು ಅರ್ಧಸತ್ಯ. ಪೋಲಿಷ್‌ನ ‘ರೆವೊಲುತ್ಸಿಯಾ’ (ಕ್ರಾಂತಿ) ಬಲ್ಲವರಿಗೆ ‘ರೆವಲ್ಯೂಷನ್’ ಸುಲಭ, ನಿಜ. ಆದರೆ ಪೋಲಿಷ್‌ನ ‘ಎವೆಂತುಆಲ್ನ್ಯೆ’ ಎಂದರೆ ‘ಬೇಕಿದ್ದರೆ, ಸಾಧ್ಯವಾದರೆ’. ಇಂಗ್ಲಿಷಿನ ‘ಇವೆಂಚುಯಲಿ’ ಎಂದರೆ ‘ಕೊನೆಗೂ’. ‘ಬಂದರೂ ಬರಬಹುದು’ ಎನ್ನಲು ಹೊರಟವರು ‘ಬಂದೇ ಬರುತ್ತೇನೆ’ ಎಂದು ಮಾತು ಕೊಟ್ಟಂತಾಗುತ್ತದೆ! ‘ಒರ್ಡಿನಾರ್ನಿ’ಯಂತೂ ಅಸಭ್ಯ ಎಂಬ ಬೈಗುಳ; ‘ಆರ್ಡಿನರಿ’ ಬರೀ ಸಾಮಾನ್ಯ.

ಇನ್ನೊಂದು ಮಾತು. ಪೋಲಿಷ್‌ನಲ್ಲಿ ‘ತೊಲೆರೊವಾಚ್’ ಇರುವುದರಿಂದ ‘ಟಾಲರೇಟ್’ (ಸಹಿಸು) ತಕ್ಷಣ ಹೊಳೆಯುತ್ತದೆ. ಅದೇ ಅರ್ಥದ, ದಿನಬಳಕೆಯ ‘ಪುಟ್ ಅಪ್ ವಿತ್’ಗೆ ಲ್ಯಾಟಿನ್ ನೆರವಾಗದು. ಅಲ್ಲಿ ಕಲಿಯುವವರು ಬೆವರು ಹರಿಸಲೇಬೇಕು. ಆ ಶ್ರಮವನ್ನು ‘ಸುಲಭ’ ಎಂದು ತಳ್ಳಿಹಾಕುವುದು ಅನ್ಯಾಯ.