ಬಾಗಿಲು ಮುಚ್ಚಬೇಡಿ ಮಾರಾಯ್ರೇ

ಮುಂದೆ ಬಾಗಿಲಿರುವ ಫ್ರಂಟ್ ಲೋಡ್ ವಾಷಿಂಗ್ ಮೆಷಿನಿಗೆ ನೀರು ಕಡಿಮೆ ಸಾಕು ಅಂತ ಅಂಗಡಿಯವರು ಹೇಳಿದ್ದು ನಿಜವೇ. ಆದರೆ ಬದಿಯಡ್ಕದ ಮಳೆಗಾಲದಲ್ಲಿ ಬಾಗಿಲಿನ ರಬ್ಬರ್ ಮಡಿಕೆಯೊಳಗೆ ಕಪ್ಪು ಬೂಷ್ಟು ಬೆಳೆಯುತ್ತದೆ ಅಂತ ಯಾರೂ ಹೇಳಲಿಲ್ಲ. ಒಗೆದ ಮೇಲೆ ಅದನ್ನು ಒರೆಸಿ ಬಾಗಿಲು ತೆರೆದಿಡಬೇಕು. ನಾನು ತೆರೆದಿಟ್ಟರೆ ಅತ್ತೆ ಬಂದು "ಬೆಕ್ಕು ಹೋಗಿ ಮಲಗ್ತದೆ" ಅಂತ ಮುಚ್ಚುತ್ತಾರೆ. (ಒಮ್ಮೆ ಮಲಗಿತ್ತು, ಅದು ಬೇರೆ ವಿಷಯ.) ಮತ್ತೆ ನೊರೆ ಜಾಸ್ತಿ ಬಂದರೇ ಬಟ್ಟೆ ಶುಭ್ರ ಅನ್ನುವ ನಂಬಿಕೆ ಬೇರೆ, ಕೈಯಲ್ಲಿ ಒಗೆಯುವ ಪುಡಿಯನ್ನೇ ಎರಡು ಮುಷ್ಟಿ ಸುರಿಯುತ್ತಾರೆ, ಮೆಷಿನ್ ನೊರೆ ಕಾರಿಕೊಂಡು ಅರ್ಧಕ್ಕೆ ನಿಲ್ಲುತ್ತದೆ. ಮೊನ್ನೆ ನೀರೇ ಹೊರಗೆ ಹೋಗುತ್ತಿಲ್ಲ ಅಂತ ಕೆಳಗಿನ ಫಿಲ್ಟರ್ ತಿರುಗಿಸಿ ತೆಗೆದರೆ ಒಂದು ಅಂಗಿಯ ಗುಂಡಿ, 5 ರೂಪಾಯಿ ನಾಣ್ಯ, ಅಡಿಕೆ ಹೋಳು! ಮಾವನ ಜೇಬಿನದ್ದೇ. ತೋರಿಸಿದರೆ, "ಆ ಐದು ರೂಪಾಯಿ ಇತ್ತ ಕೊಡು" ಅಂತಾರೆ.