ನೆಲದ ಮೇಲೆ ಮಲಗಿಸಿ ಕಟ್ಟುವ ಗೋಡೆ

ಕಳೆದ ಬೇಸಿಗೆಯ ಒಂದು ಶನಿವಾರ, ಕೆನಡಾದ ಕ್ಯಾಲ್ಗರಿಯ ನಮ್ಮ ನೆರೆಮನೆಯವರು ಹಿತ್ತಲಿನಲ್ಲಿ ಗ್ಯಾರೇಜ್ ಕಟ್ಟುತ್ತಿದ್ದವರು ಗೋಡೆ ಎತ್ತಲು ನನ್ನನ್ನೂ ಕರೆದರು. ನಾನು ಹೋದಾಗ ಅವರು ರಾಶಿಯಿಂದ ಒಂದೊಂದೇ ಮರದ ಪಟ್ಟಿಯನ್ನು ತೆಗೆದು, ಒಂದು ತುದಿಯನ್ನು ನೆಲಕ್ಕೂರಿ, ಇನ್ನೊಂದನ್ನು ಕೆನ್ನೆಯ ಹತ್ತಿರ ಹಿಡಿದು, ಒಂದು ಕಣ್ಣು ಮುಚ್ಚಿ ಉದ್ದಕ್ಕೂ ನೋಡುತ್ತಿದ್ದರು. ಉಡುಪಿ ಹತ್ತಿರದ ಬ್ರಹ್ಮಾವರದ ನಮ್ಮ ಅಂಗಳದಲ್ಲಿ ಮರಗೆಲಸದ ಆಚಾರ್ರು ಮಾಡಿನ ಪಕ್ಕಾಸುಗಳನ್ನು ಹೀಗೆಯೇ ನೋಡುತ್ತಿದ್ದರು. ಹದಿನಾಲ್ಕು ವರ್ಷಗಳಿಂದ ಈ ಊರಿನಲ್ಲಿದ್ದೇನೆ. ಇಲ್ಲಿನ ಕೆಲಸವೊಂದು ನನಗೆ ಅಷ್ಟು ಪರಿಚಿತವಾಗಿ ಕಂಡದ್ದು ಅದೇ ಮೊದಲು.

ಇಲ್ಲಿ ಗೋಡೆಯೆಂದರೆ ಮರದ ಪಟ್ಟಿಗಳ ಚೌಕಟ್ಟಿಗೆ ಹಲಗೆ ಹೊಡೆದದ್ದು. ಮರದಲ್ಲಿ ಸಣ್ಣ ಬಾಗು ಇದ್ದೇ ಇರುತ್ತದೆ. ಎಲ್ಲ ಪಟ್ಟಿಗಳ ಉಬ್ಬೂ ಒಂದೇ ಕಡೆಗಿರುವಂತೆ ಜೋಡಿಸಿದರೆ ಗೋಡೆ ಅಲೆಯಲೆಯಾಗಿ ಕಾಣುವುದಿಲ್ಲ. ಕೆಳಗಿನ ಮತ್ತು ಮೇಲಿನ ಅಡ್ಡಪಟ್ಟಿಗಳನ್ನು ಪಕ್ಕಪಕ್ಕದಲ್ಲಿಟ್ಟು, ಎರಡಕ್ಕೂ ಒಟ್ಟಿಗೆ 16 ಇಂಚಿಗೊಂದರಂತೆ ಪೆನ್ಸಿಲ್ ಗುರುತು ಹಾಕಿದರು. ಹೊರಗೆ ಹೊಡೆಯುವ ಹಲಗೆ 4 ಅಡಿ ಅಗಲದ್ದು. ಮೂರು ಹದಿನಾರು ನಲವತ್ತೆಂಟಾದ್ದರಿಂದ ಹಲಗೆಯ ಅಂಚು ಸರಿಯಾಗಿ ಒಂದು ಪಟ್ಟಿಯ ನಡುವೆ ಬಂದು ಕೂರುತ್ತದೆ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ ನಂತರ ನಮ್ಮಲ್ಲಿಯೂ ಹಂಚಿನ ಅಳತೆಯೇ ಅದನ್ನು ಕೂರಿಸುವ ರೀಪುಗಳ ಅಂತರವನ್ನು ನಿಶ್ಚಯಿಸಿದ್ದು ನೆನಪಾಯಿತು.

ಪಟ್ಟಿಗಳಿಗೆ ತುದಿಗೆರಡರಂತೆ ಮೊಳೆ ಹೊಡೆದು ಮುಗಿದಾಗ, 24 ಅಡಿ ಉದ್ದದ ಗೋಡೆ ಕಾಂಕ್ರೀಟ್ ನೆಲದ ಮೇಲೆ ಅಂಗಾತ ಮಲಗಿತ್ತು. ಆಮೇಲೆ ಮೂಲೆಯಿಂದ ಮೂಲೆಗೆ ಟೇಪು ಹಿಡಿದೆವು. ಒಂದು ಕರ್ಣ ಇನ್ನೊಂದಕ್ಕಿಂತ ಅರ್ಧ ಇಂಚು ಉದ್ದವಿತ್ತು. ಅವರು ದೊಡ್ಡ ಸುತ್ತಿಗೆ ತಂದು ಉದ್ದ ಬಂದ ಮೂಲೆಗೆ ಎರಡು ಪೆಟ್ಟು ಕೊಟ್ಟು ಮತ್ತೆ ಅಳೆಸಿದರು, ಇನ್ನೊಂದು ಪೆಟ್ಟು ಕೊಟ್ಟರು. ಎರಡೂ ಸಮವಾದ ಮೇಲೆಯೇ ಹಲಗೆ ಹೊಡೆಯಲು ಒಪ್ಪಿದರು. ಹಲಗೆ ಹೊಡೆದಾಯಿತೆಂದರೆ ಆ ಮೂಲೆಮಟ್ಟ ಅಲ್ಲಿಗೇ ಬಿಗಿಯಾಯಿತು, ಮತ್ತೆ ಸರಿಪಡಿಸಲಾಗದು. ಬಾಗಿಲು ಬರುವಲ್ಲಿ ಮೇಲಿನ ಭಾರ ಹೊರಲು ದಪ್ಪ ತೊಲೆ, ಅದಕ್ಕೆ ಎರಡೂ ಬದಿಯಲ್ಲಿ ಜೋಡಿ ಪಟ್ಟಿಗಳು, ಮುಂದೆ ಕಪಾಟು ತೂಗುಹಾಕುವ ಕಡೆ ಅಡ್ಡ ತುಂಡುಗಳು, ಎಲ್ಲವೂ ಗೋಡೆ ಮಲಗಿರುವಾಗಲೇ ಸೇರಿದ್ದವು. ಬಳಿಕ ಆರು ಮಂದಿ ಸೇರಿ ಅದನ್ನು ಎತ್ತಿ ನಿಲ್ಲಿಸಿದೆವು.

ಆ ಸಂಜೆ ನನ್ನನ್ನು ಕಾಡಿದ್ದು ತಮ್ಮನ ಹೊಸ ಮನೆ. ವಾಸ್ತುವಿನ ಆಯ ನೋಡಿ, ದಾರಂದದ (ಬಾಗಿಲ ಚೌಕಟ್ಟಿನ) ಮುಹೂರ್ತಕ್ಕೆ ಊರೆಲ್ಲ ಕರೆದು, ಒಳ್ಳೆಯ ಕೆಂಪುಕಲ್ಲು ತರಿಸಿ ಕಟ್ಟಿಸಿದ ಮನೆ. ಗಾರೆ, ಬಣ್ಣ ಎಲ್ಲ ಮುಗಿದ ಮೇಲೆ ಸ್ವಿಚ್ಚಿಗೂ ಎ.ಸಿ.ಯ ಪೈಪಿಗೂ ಮೂರು ಕಡೆ ಗೋಡೆ ಕೊರೆದರು. ಕೆಂಪು ಧೂಳು ಪಾತ್ರೆಗಳ ಮೇಲೆ ಕೂತು, ಅಮ್ಮ ಎರಡು ದಿನ ಚಾವಡಿಯಲ್ಲಿ ಒಲೆ ಹಚ್ಚಿದರು. ಮೇಸ್ತ್ರಿಯನ್ನು ಕೇಳಿದರೆ, "ಮತ್ತೆ ನೋಡುವ ಅಂತ ನೀವೇ ಹೇಳಿದ್ದಲ್ಲವಾ ಅಣ್ಣಾ" ಎಂದರು. ಅವರ ಮಾತು ನಿಜ. ಮೊದಲು ಗೋಡೆ ಏಳಲಿ, ಯೋಚನೆ ಆಮೇಲೆ ಎನ್ನುವ ನಮ್ಮ ಅಭ್ಯಾಸವನ್ನು ನಾನು ಇನ್ನು ಸಹಿಸಲಾರೆ. ಇಲ್ಲಿ ಒಳಹಲಗೆ ಮುಚ್ಚುವ ಮೊದಲು ತಂತಿಗಳೆಲ್ಲ ಪಟ್ಟಿಗಳ ತೂತಿನಲ್ಲಿ ಹಾದುಹೋಗಿ, ನಗರಾಡಳಿತದವರು ಬಂದು ನೋಡಿ ಒಪ್ಪಬೇಕು.

ಈ ಶಿಸ್ತು ನಮಗೆ ಹೊರಗಿನದೆಂದು ಮಾತ್ರ ಯಾರೂ ಹೇಳಬಾರದು. ಮಣಿಪಾಲದ ಹೆರಿಟೇಜ್ ವಿಲೇಜ್‌ನಲ್ಲಿ ವಿಜಯನಾಥ ಶೆಣೈಯವರು ಹಳೆಯ ಮನೆಗಳನ್ನು ಬಿಚ್ಚಿ ತಂದು ಮತ್ತೆ ನಿಲ್ಲಿಸಲು ಸಾಧ್ಯವಾದದ್ದು, ಆ ಕಂಬ, ತೊಲೆ, ಮುಚ್ಚಿಗೆಗಳ ಕೀಲುಗಳನ್ನು ಅಂದಿನ ಆಚಾರ್ರು ಒಂದಕ್ಕೊಂದು ಹೊಂದುವಂತೆ ಕೊರೆದಿದ್ದರಿಂದಲೇ. ಅಳೆದು ಕೂಡಿಸುವ ಬುದ್ಧಿ ಮರದ ಕೆಲಸದಲ್ಲಿ ಉಳಿಯಿತು, ಗೋಡೆಯ ಕೆಲಸಕ್ಕೆ ಬರಲಿಲ್ಲ.

ಒಂದು ಮಾತನ್ನು ಒಪ್ಪಲೇಬೇಕು. ನಾಲ್ಕು ತಿಂಗಳು ಬಿಡದೆ ಮಳೆ ಸುರಿಯುವ, ಒರಲೆ ಬಾಗಿಲಿನ ಬುಡವನ್ನೇ ತಿನ್ನುವ ನಮ್ಮ ಊರಿನಲ್ಲಿ ಇಂಥ ಮೆದು ಮರದ ಗೋಡೆ ಬಹುಕಾಲ ನಿಲ್ಲುವುದು ಕಷ್ಟ. ಇಲ್ಲಿನ ಮನೆಯಲ್ಲಿ ಪಕ್ಕದ ಕೋಣೆಯ ಕೆಮ್ಮೂ ಕೇಳುತ್ತದೆ, ದೇವರ ಪಟ ತೂಗುಹಾಕಲು ಗೋಡೆಯನ್ನು ತಟ್ಟಿ ಪಟ್ಟಿ ಎಲ್ಲಿದೆಯೆಂದು ಹುಡುಕಬೇಕು. ಅಜ್ಜಿಯ ಮನೆಯ ಕೆಂಪುಕಲ್ಲಿನ ಗೋಡೆಗೆ ಬೆನ್ನು ಕೊಟ್ಟು ಕೂತಾಗಿನ ತಂಪು ನನಗೆ ಇಲ್ಲಿ ಎಲ್ಲಿಯೂ ಸಿಕ್ಕಿಲ್ಲ.

ತಮ್ಮ ಈಗ ಮಹಡಿಯ ಮೇಲೆ ಎರಡು ಕೋಣೆ ಕಟ್ಟಿಸುವವನಿದ್ದಾನೆ. ಡಿಸೆಂಬರಿನಲ್ಲಿ ನಾನು ಬರುವವರೆಗೆ ಕಲ್ಲು ಇಳಿಸಬೇಡ ಎಂದು ಹೇಳಿದ್ದೇನೆ. ಮೇಸ್ತ್ರಿಯನ್ನೂ ಇಲೆಕ್ಟ್ರಿಶನನ್ನೂ ಒಂದೇ ದಿನ ಕರೆದು, ಮಹಡಿಯ ನೆಲದಲ್ಲಿ ಸುಣ್ಣದಿಂದ ಗೋಡೆ ಬರೆದು, ಸ್ವಿಚ್ಚು, ಪೈಪು, ಕಪಾಟು ಎಲ್ಲವನ್ನೂ ಅಲ್ಲಿಯೇ ಗುರುತಿಸಬೇಕು. ಅಮ್ಮನ ಮಂಚದ ಬಳಿಯ ದೀಪದ ಸ್ವಿಚ್ಚು ಎಷ್ಟು ಎತ್ತರದಲ್ಲಿರಬೇಕೆಂದು ಅವರನ್ನೇ ಕೇಳಿ ಬರೆದಿಟ್ಟುಕೊಂಡಿದ್ದೇನೆ.